ಮೆತ್ತಗೆ ಬಿದ್ದ ಉಪ್ಪುನೀರು

"ಅಕ್ಕಾ, ಕುಡಿಸಬ್ಯಾಡ್ರಿ! ಅದು ಕಡು ಉಪ್ಪುನೀರು!" ಎಂದು ಕೂಗುತ್ತ ಓಡಿದೆ. 1985ರ ಬೇಸಿಗೆ. ಪುಣೆಯ ನಮ್ಮ ಕಾರ್ಖಾನೆಯ ಹಿಂದೆ ಗುಲಬರ್ಗಾ ಕಡೆಯ ಕೂಲಿ ಹೆಂಗಸೊಬ್ಬಳು ಕೊಳವೆಯ ನೀರನ್ನು ಲೋಟಕ್ಕೆ ಹಿಡಿದು ಕೂಸಿನ ಬಾಯಿಗೆ ಒಯ್ದಿದ್ದಳು.

"ಸಮುದ್ರ ಇಲ್ಲದ ಊರಾಗ ಉಪ್ಪುನೀರು ಎಲ್ಲಿಂದ ಬಂತೋ ತಮ್ಮಾ?" ಎಂದು ನಕ್ಕವಳು, ನಾಲಗೆಗೆ ಹಚ್ಚಿಕೊಂಡು ಥೂ ಎಂದು ಉಗುಳಿದಳು.

ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರವನ್ನು ನಾವು ಉಪ್ಪು ಕಲಸಿದ ನೀರಿನಿಂದ ಪರೀಕ್ಷಿಸುತ್ತಿದ್ದೆವು. ಸಿಹಿನೀರು ತೆಗೆದ ಮೇಲೆ ಉಳಿದ ಕಡು ಉಪ್ಪುನೀರು ಮೊದಲು ಆ ಕೊಳವೆಯಿಂದ ಭೋರ್ಗರೆದು ಚಿಮ್ಮುತ್ತಿತ್ತು. ಯಾರೂ ಹತ್ತಿರ ಬರುತ್ತಿರಲಿಲ್ಲ. ಅದರ ರಭಸದಿಂದಲೇ ಚಕ್ರ ತಿರುಗಿಸಿ ವಿದ್ಯುತ್ ಉಳಿಸತೊಡಗಿದ ಮೇಲೆ ನಲ್ಲಿ ನೀರಿನಂತೆ ಮೆತ್ತಗೆ ಬೀಳುತ್ತಿತ್ತು. ಎಷ್ಟು ವಿದ್ಯುತ್ ಉಳಿಯಿತೆಂದು ಹನ್ನೊಂದು ದಿನ ದಿನಚರಿಯಲ್ಲಿ ಬರೆದಿದ್ದೆ. ಹೊರಗೆ ಹೋಗಿ ಕೊಳವೆಯ ಬಾಯಿ ನೋಡಿರಲಿಲ್ಲ.

ಆ ದಿನಗಳಲ್ಲಿ ಇನ್ನಾರಾದರೂ ಅಲ್ಲಿ ನೀರು ಹಿಡಿದಿದ್ದರೇ ಎಂಬ ಭಯ ನನ್ನನ್ನು ಇನ್ನೂ ಬಿಟ್ಟಿಲ್ಲ.