ಮುಚ್ಚಳ ಮುಚ್ಚಿ ಅಂದರು ನಮ್ಮ ಅತ್ತೆ

ನಮ್ಮ ಅತ್ತೆ ಈಗ ಮ್ಯೂಸಿಯಂ ಸೇರಿದ್ದಾರೆ.

ಗಾಬರಿಯಾಗಬೇಡಿ, ಆರೋಗ್ಯವಾಗಿದ್ದಾರೆ. ನಾನಿದನ್ನು ಟೈಪ್ ಮಾಡುತ್ತಿರುವಾಗ ಅಡುಗೆಮನೆಯಲ್ಲಿ ನನ್ನ ಬೇಳೆ ಸರಿಯಾಗಿ ಬೆಂದಿಲ್ಲ ಎಂದು ಗೊಣಗುತ್ತಿದ್ದಾರೆ. ಆದರೂ ಅವರು ಮ್ಯೂಸಿಯಂನಲ್ಲಿದ್ದಾರೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಸೋಮವಾರ ರಜೆ.

ನಡೆದದ್ದು ಹೇಳುತ್ತೇನೆ.

ಅತ್ತೆ ಧಾರವಾಡದಲ್ಲಿ ಹೈಸ್ಕೂಲ್ ಗಣಿತದ ಟೀಚರ್ ಆಗಿದ್ದವರು. ಮಾವ ತೀರಿಕೊಂಡ ಮೇಲೆ ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ನಮ್ಮ ಜೊತೆಗೇ ಇದ್ದಾರೆ. ಮಾರ್ಚ್‌ನಲ್ಲಿ ಒಂದು ಶನಿವಾರ, ಹೊರಗೆ ಹಾಳು ಜಿಟಿಜಿಟಿ. ಎಲ್ಲಾದರೂ ಹೋಗೋಣ ಅಂದರು. ಎಂ ಸಿಕ್ಸ್ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಸಿಗುವ ಒಂದು ನಗರದ ಆರ್ಟ್ ಮ್ಯೂಸಿಯಂಗೆ ಕರೆದುಕೊಂಡು ಹೋದೆ. (ಯಾವ ನಗರ ಅಂತ ಕೇಳಬೇಡಿ. ಹೇಳಿದರೆ ಈ ಅಂಕಣ ಅವರ ಗೋಡೆಗೂ ಏರಬಹುದು.)

ಮೊದಲ ಒಂದು ಗಂಟೆ ಚೆನ್ನಾಗಿತ್ತು. ಚಿನ್ನದ ಫ್ರೇಮಿನೊಳಗಿನ ದಪ್ಪ ಗಲ್ಲದ ಗಿರಣಿ ಮಾಲೀಕರನ್ನೆಲ್ಲ ಅತ್ತೆ ನಮ್ಮ ನೆಂಟರ ಜೊತೆ ಹೋಲಿಸಿದರು. "ಇಂವ ಥೇಟ್ ನಮ್ಮ ಬಸಣ್ಣ ಕಾಕಾ" ಅಂದಾಗ ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಆಮೇಲೆ ಮೇಲಿನ ಮಹಡಿಯ ಏಷ್ಯಾ ಕೋಣೆಗೆ ಹೋದೆವು. ಕತ್ತಿ, ಶಾಲು, ದಂತದ ಆನೆ. ನಾನು ಮುಂದೆ ಹೋಗಿಬಿಟ್ಟಿದ್ದೆ.

"ಸವಿತಾ, ಇಲ್ಲಿ ಬಾ."

ಅತ್ತೆಯ ದನಿಯೇ ಬೇರೆಯಾಗಿತ್ತು. ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ಎದೆಯ ಮೇಲೆ ಕೈ ಇಟ್ಟುಕೊಂಡಿದ್ದರು. ನೋವೇನೋ ಅಂತ ಓಡಿದೆ.

ಒಳಗೆ ಒಂದು ಬೆಳ್ಳಿಯ ಕರಡಿಗೆ. ಲಿಂಗವಂತರು ಕೊರಳಲ್ಲಿ ಧರಿಸುತ್ತೇವಲ್ಲ, ಇಷ್ಟಲಿಂಗ ಇಡುವುದು, ಅದೇ. ಮುಚ್ಚಳ ತೆಗೆದಿಟ್ಟಿದ್ದರು. ಒಳಗೆ ಕಪ್ಪಗೆ ಹೊಳೆಯುವ ಲಿಂಗ. ಪಕ್ಕದಲ್ಲಿ ಲೇಬಲ್: 'ತಾಯಿತದ ಡಬ್ಬಿ, ದಕ್ಷಿಣ ಭಾರತ. ಬೆಳ್ಳಿ ಮತ್ತು ಕಲ್ಲು.'

"ಇದು ಯಾರದೋ ಕೊಳ್ಳಾಗಿಂದು" ಅಂದರು ಅತ್ತೆ. "ಜೀವ ಇದ್ದಾಗೂ ಬಿಡಂಗಿಲ್ಲ, ಹೋದ ಮ್ಯಾಲೂ ಬಿಡಂಗಿಲ್ಲ. ಅಂಗೈಯಾಗ ಇಟ್ಟು ಮಣ್ಣು ಕೊಡ್ತೀವಿ. ಹಂಗಾದ್ರ ಇದು ಇಲ್ಲಿಗೆ ಹೆಂಗ ಬಂತು?"

ಹೇಗೆ ಬಂದಿರಬಹುದು? ನೀವೇ ಯೋಚಿಸಿ. ಬದುಕಿದ್ದವನಿಂದ ಕಿತ್ತಿರಬೇಕು, ಇಲ್ಲವೇ ಸತ್ತವನಿಂದ. ಮೂರನೆಯ ದಾರಿ ನನಗೆ ಹೊಳೆಯುತ್ತಿಲ್ಲ.

ಅತ್ತೆ ಅಳುತ್ತಿದ್ದರು. ಆಗಲೇ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ಹೆಲೆನ್ ಬಂದಳು. ಮ್ಯೂಸಿಯಂನ ಕಮ್ಯುನಿಟಿ ಆಫೀಸರ್. ಒಳ್ಳೆಯ ಹುಡುಗಿ. (ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಕಷ್ಟ ಇರುವುದೇ ಅಲ್ಲಿ.) ಟಿಶ್ಯೂ ಕೊಟ್ಟಳು, ಕುರ್ಚಿ ತಂದಳು. ಕೂತು ಪೂರ್ತಿ ಕೇಳಿದಳು. ಆಮೇಲೆ, ಇದನ್ನೇ ಕ್ಯಾಮೆರಾ ಮುಂದೆ ಹೇಳುತ್ತೀರಾ, ನಮ್ಮ ವಿಸಿಟರ್‌ಗಳಿಗೆ ಗೊತ್ತಾಗಬೇಕು ಅಂದಳು.

ಅತ್ತೆ ಟೀಚರ್ ಅಲ್ಲವೇ? ಗೊತ್ತಿಲ್ಲದವರಿಗೆ ಹೇಳಿಕೊಡುವುದು ಅಂದರೆ ಅವರಿಗೆ ಧರ್ಮ. ಒಪ್ಪಿದರು. ಇಂಗ್ಲಿಷಿನಲ್ಲಿ, ತರಗತಿಯಲ್ಲಿ ಪ್ರಮೇಯ ಬಿಡಿಸುವಷ್ಟು ಸ್ಪಷ್ಟವಾಗಿ ಹೇಳಿದರು. ಲಿಂಗ ಕಟ್ಟುವುದು ಯಾವಾಗ, ಪೂಜೆ ಹೇಗೆ, ಮಾವನ ಕೈಯಲ್ಲಿ ಕೊನೆಗೆ ಇಟ್ಟದ್ದು ಹೇಗೆ. ಮಾವನ ಮಾತು ಬಂದಾಗ ಮತ್ತೆ ಅತ್ತರು. ಕೊನೆಯಲ್ಲಿ ಒಂದೇ ಒಂದು ಬೇಡಿಕೆ ಇಟ್ಟರು.

"ವಾಪಸ್ ಕೊಡ್ರಿ ಅಂತ ನಾ ಕೇಳಂಗಿಲ್ಲ. ಯಾರಿಗೆ ಕೊಡತೀರಿ? ಬರೇ ಮುಚ್ಚಳ ಮುಚ್ರಿ. ಅದು ಮಂದಿ ನೋಡೂದಲ್ಲ." ಇದನ್ನೇ ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರು.

ಹೆಲೆನ್ ತಲೆಯಾಡಿಸಿದಳು. ಖಂಡಿತ, ಮೇಲಿನವರಿಗೆ ಫೀಡ್‌ಬ್ಯಾಕ್ ಮಾಡುತ್ತೇನೆ ಅಂದಳು. ಈ ದೇಶದಲ್ಲಿ ಇಷ್ಟು ವರ್ಷ ಇದ್ದೂ ಆ ಮಾತಿನ ಅರ್ಥ ನನಗೆ ಹೊಳೆಯಲಿಲ್ಲ ನೋಡಿ! ಇಲ್ಲಿ ಬಾಗಿಲು ಹಾಕುವಾಗ ಸದ್ದಾಗುವುದಿಲ್ಲ, 'ಥ್ಯಾಂಕ್ ಯೂ ಫಾರ್ ಶೇರಿಂಗ್' ಅಂತ ಕೇಳಿಸುತ್ತದೆ.

ಸೆಪ್ಟೆಂಬರ್‌ನಲ್ಲಿ ಆಹ್ವಾನ ಬಂತು. ಏಷ್ಯಾ ಕೋಣೆಯನ್ನು ಹೊಸದಾಗಿ ಜೋಡಿಸಿದ್ದಾರೆ, ಓಪನಿಂಗ್‌ಗೆ ಅತ್ತೆ ವಿಶೇಷ ಅತಿಥಿ. ಅತ್ತೆ ಇಳಕಲ್ ಸೀರೆ ಉಟ್ಟರು, ಅದರ ಮೇಲೊಂದು ಶಾಲು ಹೊದ್ದರು. ಕಾರಿನಲ್ಲಿ, "ಮಂದಿ ಛಲೋ ಅದಾರ, ಕೇಳ್ಕೊಂಡ್ರು ನೋಡು" ಅಂದರು.

ಲೇಬಲ್ ಸರಿಯಾಗಿತ್ತು. 'ಇಷ್ಟಲಿಂಗ' ಎಂದೇ ಬರೆದಿದ್ದರು, ಸ್ಪೆಲಿಂಗ್ ಕೂಡ ತಪ್ಪಿರಲಿಲ್ಲ. ಕರಡಿಗೆಗೆ ಬೇರೆಯೇ ಪೆಟ್ಟಿಗೆ, ನಾಲ್ಕೂ ಕಡೆಯಿಂದ ಲೈಟು. ಮುಚ್ಚಳ ತೆರೆದೇ ಇತ್ತು. ಒಳಗಿನದು ಇನ್ನೂ ಚೆನ್ನಾಗಿ ಕಾಣಲಿ ಅಂತ ಹಿಂದೆ ಒಂದು ಕನ್ನಡಿ ಬೇರೆ.

ಪಕ್ಕದ ಗೋಡೆಯ ಮೇಲೆ ದೊಡ್ಡ ಸ್ಕ್ರೀನ್. ಅದರಲ್ಲಿ ಅತ್ತೆ ಅಳುತ್ತಿದ್ದರು.

ಮುಗಿದ ಮೇಲೆ ಮತ್ತೆ ಮೊದಲಿನಿಂದ. ಮತ್ತೆ ಮಾವನ ಕೈ, ಮತ್ತೆ ಕಣ್ಣೀರು. ಅತ್ತೆಯ ಇಂಗ್ಲಿಷಿಗೆ ಕೆಳಗೆ ಇಂಗ್ಲಿಷಿನದೇ ಸಬ್‌ಟೈಟಲ್. ನಾನು ನಿಂತು ಕೊನೆಯವರೆಗೆ ನೋಡಿದೆ. ಮುಚ್ಚಳದ ಮಾತು ಎಲ್ಲೂ ಇರಲಿಲ್ಲ. ಕತ್ತರಿಸಿದ್ದರು.

ಅತ್ತೆ ನೇರವಾಗಿ ಕ್ಯುರೇಟರ್ ಬಳಿ ಹೋದರು. ಎತ್ತರದ ಮನುಷ್ಯ, ಕೈಯಲ್ಲಿ ಆರೆಂಜ್ ಜ್ಯೂಸ್. ಯಾಕೆ ಮುಚ್ಚಲಿಲ್ಲ ಅಂತ ಕೇಳಿದರು. ಆತ ಬಾಗಿ ಬಹಳ ವಿನಯದಿಂದ ಹೇಳಿದ, ಮುಚ್ಚಿದರೆ ಜನರಿಗೆ ಬರೀ ಡಬ್ಬಿ ಕಾಣುತ್ತದೆ.

"ಹೌದು" ಅಂದರು ಅತ್ತೆ. "ಡಬ್ಬಿ ಇರೋದೇ ಅದಕ್ಕೆ."

ಇದೊಂದು ಬಹಳ ಮುಖ್ಯವಾದ ಚರ್ಚೆ ಅಂದ ಆತ. ಹಾಗಂದು, ಬೇರೆ ಯಾರೋ ಕರೆದರು ಅಂತ ಹೋದ.

ಅತ್ತೆ ಕರಡಿಗೆಯ ಕಡೆ ತಿರುಗಿದರು. ಆಮೇಲೆ ಹೆಗಲ ಮೇಲಿನ ಶಾಲು ತೆಗೆದು, ಕೊಡವಿ, ಆ ಗಾಜಿನ ಪೆಟ್ಟಿಗೆಯ ಮೇಲೆ ಹೊದಿಸಿದರು. ನಿಧಾನವಾಗಿ, ಮಲಗಿದ ಮಗುವಿಗೆ ಹೊದಿಸುವ ಹಾಗೆ, ಅಂಚು ಎಳೆದು ಸರಿ ಮಾಡಿ. ಚಪ್ಪಲಿ ಕಳಚಿ ಬದಿಗಿಟ್ಟು ಕೈ ಮುಗಿದರು.

ಸ್ಕ್ರೀನಿನ ಅತ್ತೆ ಮಾತ್ರ ಮಾತಾಡುತ್ತಲೇ ಇದ್ದರು.

ನಾನು ಹೋಗಿ ಅವರ ಪಕ್ಕ ನಿಂತೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಫೋನುಗಳು ಹೊರಬಂದವು. ಒಂದು, ಎರಡು, ಆಮೇಲೆ ಎಲ್ಲರದೂ. ಒಬ್ಬಾಕೆ ಮೊಣಕಾಲೂರಿ, ಅತ್ತೆಯ ಬರಿಗಾಲೂ ಫ್ರೇಮಿನಲ್ಲಿ ಬರಲಿ ಅಂತ ಆಂಗಲ್ ಹುಡುಕುತ್ತಿದ್ದಳು. ಸೆಕ್ಯುರಿಟಿಯವನು ಬಂದು, ಕ್ಷಮಿಸಿ ಮೇಡಂ ಅಂತ ಶಾಲು ತೆಗೆದು, ಮಡಚಿ ಅತ್ತೆಯ ಕೈಗೆ ಕೊಟ್ಟ. ಹಿಂದಿನಿಂದ ಯಾರೋ ಹೇಳಿದ್ದು ಕೇಳಿಸಿತು: "ಸೋ ಪವರ್‌ಫುಲ್."

ಪ್ರತಿಭಟನೆಯೂ ಶೋ ಆಗಿಬಿಟ್ಟರೆ ಮನುಷ್ಯ ಏನು ಮಾಡಬೇಕು?

ಸರಿ, ಅವರು ಪರರು. ನಮ್ಮವರು? ಯಾರೋ ಆ ಫೋಟೋವನ್ನು ಮಿಡ್‌ಲ್ಯಾಂಡ್ಸ್ ಕನ್ನಡಿಗರ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಮೂವತ್ತು ಜನ ಕೈ ಮುಗಿದರು (ಎಮೋಜಿಯಲ್ಲಿ). 'ಪ್ರೌಡ್ ಮೊಮೆಂಟ್!' 'ನಮ್ಮ ಸಂಸ್ಕೃತಿ ಯುಕೆ ಮ್ಯೂಸಿಯಂನಲ್ಲಿ!' ಅತ್ತೆ ಯಾಕೆ ಶಾಲು ಹೊದಿಸಿದರು ಅಂತ ಒಬ್ಬರೂ ಕೇಳಲಿಲ್ಲ. ಮ್ಯೂಸಿಯಂನವರು ಅತ್ತೆಗೆ ಶಾಲು ಹೊದಿಸಿ ಸನ್ಮಾನ ಮಾಡಿದರು ಅಂತಲೇ ಅರ್ಧ ಜನ ತಿಳಿದಿದ್ದರು!

ಸಟನ್ ಕೋಲ್ಡ್‌ಫೀಲ್ಡ್‌ನ ನಮ್ಮ ಡಾಕ್ಟರ್ ಮಿತ್ರರೊಬ್ಬರು ಊಟಕ್ಕೆ ಬಂದಾಗ ಸಮಾಧಾನ ಹೇಳಿದರು. "ಬಿಡ್ರಿ ಅಮ್ಮಾರ. ಇಲ್ಲಿರೋದರಿಂದ ಉಳದದ. ಊರಾಗ ಇದ್ದಿದ್ರ ಯಾರರ ಕರಗಿಸಿ ವಾಟಗಾ ಬಟ್ಟಲಾ ಮಾಡಸ್ತಿದ್ರು."

ಅದು ಸುಳ್ಳೂ ಅಲ್ಲ.

ಅತ್ತೆ ಬಿಡಲಿಲ್ಲ. "ಡಾಕ್ಟರೇ, ಕರಗಿಸಿದ್ರ ಬೆಳ್ಳಿ ಕರಗಸ್ತಿದ್ರು. ಲಿಂಗಾ ತಗದು ಮಂದಿಗೆ ತೋರಸ್ತಿದ್ದಿಲ್ಲ. ರೊಟ್ಟಿ ಇನ್ನೊಂದು ಹಾಕಲ್ಯಾ?"

ಡಾಕ್ಟರು ರೊಟ್ಟಿ ಬೇಡ ಅಂದರು.

ಕಳೆದ ವಾರ ನಾನು ಮ್ಯೂಸಿಯಂಗೆ ಇಮೇಲ್ ಮಾಡಿದೆ. ಮುಚ್ಚಳದ ಮಾತು ಬಿಟ್ಟೆ. ಅತ್ತೆಯ ವಿಡಿಯೋ ಆದರೂ ತೆಗೆಯಿರಿ, ಅವರಿಗೆ ನಿದ್ದೆ ಬರುತ್ತಿಲ್ಲ ಅಂತ ಬರೆದೆ. ಎರಡೇ ದಿನಕ್ಕೆ ಸೌಜನ್ಯದ ಉತ್ತರ ಬಂತು. ನಿಮ್ಮ ಅತ್ತೆ ಒಪ್ಪಿಯೇ ಮಾತಾಡಿದ್ದರು. ಆ ವಿಡಿಯೋವನ್ನು ಈಗ ಕಲೆಕ್ಷನ್‌ಗೆ ಸೇರಿಸಿಕೊಂಡಿದ್ದೇವೆ. ಕಲೆಕ್ಷನ್ ಸೇರಿದ್ದನ್ನು ಹೊರಗೆ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ.

ಇವತ್ತು ಓದಿ ಹೇಳಿದೆ. ಅತ್ತೆ ಸೆರಗಿನೊಳಗೆ ಕೈ ಹಾಕಿ ತಮ್ಮ ಕರಡಿಗೆಯ ಮುಚ್ಚಳ ಬಿಗಿಯಾಗಿದೆಯೇ ಅಂತ ನೋಡಿಕೊಂಡರು, ಬೇಳೆಯ ಕಡೆ ಹೋದರು.

ಕಿತ್ತುಕೊಂಡು ಹೋದದ್ದನ್ನಾದರೂ ವಾಪಸ್ ಕೊಡಿ ಅಂತ ಜಗಳ ಮಾಡಬಹುದು. ಅವರು ಕುರ್ಚಿ ಹಾಕಿ, ಟಿಶ್ಯೂ ಕೊಟ್ಟು, ಕೇಳಿ ತೆಗೆದುಕೊಂಡದ್ದನ್ನು ಯಾವ ಬಾಯಲ್ಲಿ ಕೇಳುವುದು?