ಅಪ್ಪ ನನಗೆ ‘ರಿ’ ಹಚ್ಚಿದ್ದು

ಹೆತ್ತ ಅಪ್ಪ ಮಗಳಿಗೆ ‘ರಿ’ ಹಚ್ಚಿ ಮಾತಾಡಲು ಶುರು ಮಾಡಿದರೆ ಆ ಮನೆಯಲ್ಲಿ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ನನಗೆ ಒಂದು ಇಡೀ ಮಳೆಗಾಲ ಹತ್ತಲಿಲ್ಲ. ಇದಕ್ಕೆಲ್ಲ ಕಾರಣ ಜಪಾನಿ ವ್ಯಾಕರಣ ಎಂದರೆ ಯಾರೂ ನಂಬುವುದಿಲ್ಲ.

ಆಗ ಹೈದರಾಬಾದಿನ ಪಶ್ಚಿಮಕ್ಕೆ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದ ಸಾಫ್ಟ್‌ವೇರ್ ಮಂದಿಗೆ ಜಪಾನಿ ಗಿರಾಕಿಗಳೊಡನೆ ಮಾತಾಡಲು ಭಾಷೆ ಬೇಕಿತ್ತು. ಹಿಮಾಯತ್‌ನಗರದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ನಾನು ಅವರಿಗೆ ಕಲಿಸುತ್ತಿದ್ದೆ. ಮೊದಲು ನಾನಿದ್ದ ಸಂಸ್ಥೆಯಲ್ಲಿ ಎಲ್ಲವನ್ನೂ ಇಂಗ್ಲಿಷಿನ ಮೂಲಕವೇ ಹೇಳಬೇಕಿತ್ತು. ಜಪಾನಿಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಎಂದು ತಾಸುಗಟ್ಟಲೆ ಇಂಗ್ಲಿಷಿನಲ್ಲಿ ವಿವರಿಸುವುದು ಎಂಥ ದಡ್ಡತನ. ಕನ್ನಡ, ತೆಲುಗು, ಉರ್ದು, ಯಾವುದರಲ್ಲಿ ಕೊನೆಗೆ ಬರುವುದಿಲ್ಲ? ಜಗಳವಾಡಿ ಅಲ್ಲಿಂದ ಹೊರಬಿದ್ದೆ. ಮನೆಯಲ್ಲಿ ಇಂಗ್ಲಿಷನ್ನು ಬದಿಗಿಟ್ಟು, ಅವರವರ ಮನೆಮಾತಿನಿಂದಲೇ ಕಲಿಸತೊಡಗಿದೆ.

ಈ ಪ್ರಯೋಗಗಳಿಗೆಲ್ಲ ಅಪ್ಪನೇ ನನ್ನ ಬಲಗೈ. ಸರ್ಕಾರಿ ಕಚೇರಿಯಿಂದ ನಿವೃತ್ತರಾಗಿ, ಅವ್ವನೂ ತೀರಿಹೋದ ಮೇಲೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಉದ್ದನೆಯ ವಸ್ತುಗಳನ್ನು ಜಪಾನಿನವರು ಎಣಿಸುವ ಬಗೆ ಬೇರೆ, ಚಪ್ಪಟೆ ವಸ್ತುಗಳನ್ನು ಎಣಿಸುವ ಬಗೆ ಬೇರೆ ಎಂದು ಹೇಳಿದ್ದೇ ತಡ, ಬೇಗಂ ಬಜಾರಿಗೆ ಹೋಗಿ ಊದಿನಕಡ್ಡಿ, ಲಟ್ಟಣಿಗೆ, ಹಪ್ಪಳ, ಸ್ಟೀಲ್ ತಟ್ಟೆ ಎಲ್ಲವನ್ನೂ ಚೌಕಾಶಿ ಮಾಡಿ ತಂದು ಹರವಿದರು. ವಿದ್ಯಾರ್ಥಿಗಳು ಎಣಿಸಿ ಎಣಿಸಿ ಹಪ್ಪಳ ಪುಡಿ ಮಾಡಿದರು, ಎಣಿಕೆ ಮಾತ್ರ ಮರೆಯಲಿಲ್ಲ. ಅಪ್ಪ ಬಾಗಿಲ ಬಳಿಯ ಕುರ್ಚಿಯಲ್ಲಿ ಪೇಪರು ಹಿಡಿದುಕೊಂಡು ಎಲ್ಲ ಪಾಠ ಕೇಳುತ್ತಿದ್ದರು. ಮಗಳ ಸಾಲೆ ಎಂದು ತರಕಾರಿಯವನ ಮುಂದೂ ಹೇಳಿಕೊಳ್ಳುತ್ತಿದ್ದರು.

ತೊಂದರೆ ಬಂದದ್ದು ಗೌರವದ ಪಾಠಕ್ಕೆ. ಜಪಾನಿನವರು ಅಪ್ಪನನ್ನು ಎದುರಿಗೆ ‘ಒತೋಸಾನ್’ ಎಂದು ಗೌರವದಿಂದ ಕರೆಯುತ್ತಾರೆ. ಅದೇ ಅಪ್ಪನ ವಿಷಯ ಹೊರಗಿನವರಿಗೆ ಹೇಳುವಾಗ ಗೌರವ ಬಿಟ್ಟು ‘ಚಿಚಿ’ ಎನ್ನಬೇಕು. ನಮ್ಮವರನ್ನು ಪರರ ಮುಂದೆ ನಾವೇ ಮೇಲೆ ಕೂರಿಸಬಾರದು ಎಂಬುದು ಅವರ ಸಭ್ಯತೆ. ಕಂಪನಿಯ ಸಾಹೇಬರಿಗೂ ಇದೇ ನಿಯಮ. ನನ್ನ ವಿದ್ಯಾರ್ಥಿಗಳಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಗಾರು, ಸಾಬ್, ಜೀ ಇಲ್ಲದೆ ಹಿರಿಯರ ಸುದ್ದಿ ಎತ್ತಿ ಗೊತ್ತಿಲ್ಲದವರು. ಅದರಲ್ಲೂ ‘ಚಿಚಿ’ ಎಂದಾಗಲೆಲ್ಲ ‘ಛೀ ಛೀ’ ಎಂದು ಕೇಳಿಸಿ ಕಿಸಕ್ಕನೆ ನಗುತ್ತಿದ್ದರು.

ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ಇತ್ತ ಮನೆ, ಅತ್ತ ಹೊರಗಿನವರು. ಅಪ್ಪನನ್ನು ಕರೆದು ಕುರ್ಚಿ ಸಮೇತ ಗೆರೆಯ ಒಳಗೆ ನನ್ನ ಪಕ್ಕಕ್ಕೆ ಕೂರಿಸಿದೆ. ಖುಷಿಯಿಂದಲೇ ಬಂದರು. ಒಬ್ಬ ವಿದ್ಯಾರ್ಥಿನಿ ಅತಿಥಿಯಾಗಿ ಗೆರೆಯ ಆಚೆ ನಿಂತು, ತಂದೆಯವರು ಇದ್ದಾರೆಯೇ ಎಂದು ಕೇಳಿದಳು. ಜಪಾನಿಯಲ್ಲಿ ಉತ್ತರ ಹೇಳಿದೆ, ಯಾರ ತಲೆಗೂ ಹೋಗಲಿಲ್ಲ. ರಾಯಚೂರು, ಗುಲಬರ್ಗಾ ಕಡೆಯವರೂ ಕೂತಿದ್ದರಲ್ಲ, ಧಾಟಿ ತಿಳಿಯಲಿ ಎಂದು ನಮ್ಮ ಮಾತಿನಲ್ಲೇ ಹೇಳಿಬಿಟ್ಟೆ.

“ಬರ್ರಿ, ಕೂಡ್ರಿ. ನಮ್ಮಪ್ಪ ಒಳಗ ಅದಾನ. ಉಣ್ಣಾಕತ್ತಾನ.”

‘ರಿ’ ಎಲ್ಲ ಅತಿಥಿಗೆ, ಅಪ್ಪನಿಗೆ ಬರೀ ‘ಅದಾನ’. ಪಡಸಾಲೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಪ್ಪ ಎದ್ದು, ಕುರ್ಚಿ ಎತ್ತಿಕೊಂಡು ಗೆರೆ ದಾಟಿ ಆಚೆ ಹಾಕಿಕೊಂಡರು. ತಾವು ಇಲ್ಲೇ ಕೂಡುವುದಾಗಿಯೂ, ಮೇಡಂ ಅವರು ಪಾಠ ಮಾಡಬೇಕೆಂದೂ ಹೇಳಿದರು. ಅದನ್ನೂ ಚೇಷ್ಟೆ ಎಂದುಕೊಂಡು ಎಲ್ಲರೂ ಮತ್ತೆ ನಕ್ಕರು. ನಾನೂ ನಕ್ಕೆ.

ಸಂಜೆ ಚಹಾ ಮಾಡಿ, ತಗೋರಿ ಎಂದರು. ಮರುದಿನ ಬೆಳಿಗ್ಗೆ, ನೀರು ಕಾದಾವ್ರಿ ಎಂದರು. ನಾನೂ ಸಿಟ್ಟಿನವಳೇ. ಇದು ವ್ಯಾಕರಣ, ಅವಮಾನವಲ್ಲ, ನಿಮ್ಮೆದುರು ಎಂದಾದರೂ ‘ರಿ’ ತಪ್ಪಿಸಿದ್ದೇನೆಯೇ ಎಂದು ಜೋರು ಮಾಡಿದೆ. ಅಪ್ಪ ದನಿ ಏರಿಸಲಿಲ್ಲ.

“ಎದುರಿಗೆ ರಿ, ಮಂದಿ ಮುಂದ ಅವಾ ಇವಾ. ನಮ್ಮ ಕಡೆ ಎಂಥವರ ಸುದ್ದಿ ಹಂಗ ಮಾತಾಡ್ತಾರ, ನಿಮಗ ಗೊತ್ತಿಲ್ಲೇನ್ರಿ?”

ಗೊತ್ತಿತ್ತು. ಒಳಗೊಳಗೇ ಕೀಳಾಗಿ ಕಂಡವರ ಸುದ್ದಿ ಹಾಗೆ ಮಾತಾಡುತ್ತಾರೆ. ಆದರೂ ನನ್ನ ಪಾಠ ಸರಿಯೇ ಇತ್ತು ಎಂದು ಇವತ್ತಿಗೂ ನನ್ನ ಹಟ. ಆ ಗೆರೆಯಿಂದಾಗಿ ವಿದ್ಯಾರ್ಥಿಗಳು ಚೆನ್ನಾಗಿ ಕಲಿತರು. ಫೋನಿನಲ್ಲಿ ಜಪಾನಿ ಗಿರಾಕಿಗಳ ಮುಂದೆ ತಮ್ಮ ಸಾಹೇಬರ ಸುದ್ದಿಯನ್ನು ‘ಸರ್’ ಬಿಟ್ಟು ಮಾತಾಡಿದ್ದನ್ನು ಬಂದು ಹೇಳಿ ಹಿಗ್ಗುತ್ತಿದ್ದರು. ನನಗೆ ಹಿಗ್ಗಲು ಆಗುತ್ತಿರಲಿಲ್ಲ. ಈ ಊರಿನಲ್ಲಿ ಹೊರಗೆ ಕಾಲಿಟ್ಟರೆ ನಾನು ಮೇಡಂ, ಆಂಟಿ, ಬೆಹನ್‌ಜಿ. ನನ್ನನ್ನು ‘ನೀ’ ಎನ್ನಲು ಉಳಿದಿದ್ದವರು ಅಪ್ಪ ಒಬ್ಬರೇ. ಅದೂ ಹೋಯಿತೆಂದರೆ ನಾನು ಯಾರ ಮಗಳು ಎಂದು ಅಳು ಬರುತ್ತಿತ್ತು. ನಮ್ಮ ಮನೆಯಲ್ಲೇ ಬೀಗರ ಮನೆಗೆ ಬಂದವಳ ಹಾಗೆ ಅಂಜಿ ಅಂಜಿ ಓಡಾಡಿದೆ. ಕೊನೆಗೆ ಸೋತು, ನನಗ ನೀ ಅನ್ರಿ ಎಂದು ಬಾಯಿಬಿಟ್ಟು ಕೇಳಿದೆ. ಹೊರಗಿನವರಿಗೆ ಹಂಗ ಅನಬಾರದ್ರಿ ಎಂದು ಪೇಪರು ತಿರುವಿದರು.

ಮಳೆ ಹಿಂದಾದ ಮೇಲೆ ಒಂದು ಭಾನುವಾರ, ನನ್ನ ವಿದ್ಯಾರ್ಥಿಗಳ ಕಂಪನಿಗೆ ಬಂದಿದ್ದ ಜಪಾನಿ ಹಿರಿಯರೊಬ್ಬರು ತರಗತಿ ನೋಡಲು ಮನೆಗೆ ಬಂದರು. ವಿದ್ಯಾರ್ಥಿಗಳು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಸಾಲಾಗಿ ನಿಂತಿದ್ದರು. ಬಾಗಿಲ ಬಳಿ ಕೂತಿದ್ದ ಅಪ್ಪನನ್ನು ಕಂಡು, ಇವರು ಯಾರೆಂದು ಅತಿಥಿ ನನ್ನನ್ನು ಕೇಳಿದರು. ನಾನು ‘ಚಿಚಿ’ ಎನ್ನಬೇಕಿತ್ತು. ಅದನ್ನೇ ತಿಂಗಳುಗಟ್ಟಲೆ ಉರುಹೊಡೆಸಿದ್ದೆ.

ಬಾಯಿಂದ ಬಂದದ್ದು ‘ಒತೋಸಾನ್’.

ಬೇಕೆಂದೇ ಹೇಳಿದೆನೋ, ನಾಲಿಗೆ ತಪ್ಪಿತೋ, ಗೊತ್ತಿಲ್ಲ. ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು. ಅತಿಥಿ ಏನೂ ಆಗದವರಂತೆ ಅಪ್ಪನಿಗೆ ಬಾಗಿ ವಂದಿಸಿದರು. ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು.

ಅಪ್ಪ ಪೇಪರು ಮಡಚಿಟ್ಟು ಎದ್ದರು. ಅತಿಥಿಗೆ ಕೈಮುಗಿದು ನನ್ನ ಕಡೆ ತಿರುಗಿದರು. ಅವರೂ ಅಷ್ಟು ದಿನ ಅಲ್ಲೇ ಕೂತು ಪಾಠ ಕೇಳಿದವರೇ.

“ತಪ್ಪ ಹೇಳಿದಿ ನೋಡವ್ವಾ” ಅಂದರು. “ಮಂದಿ ಮುಂದ ನಾ ಚಿಚಿ.”