ಹೆಸರು ತುಂಬದ ಲ್ಯಾಪ್‌ಟಾಪ್

ಪುಂಜಾಲಕಟ್ಟೆಯ ಬಟ್ಟೆ ವ್ಯಾಪಾರಿಯೊಬ್ಬರು ದುಬೈಯಿಂದ ಮಗಳಿಗೆಂದು ತರಿಸಿದ ಲ್ಯಾಪ್‌ಟಾಪನ್ನು ಉಜಿರೆಯ ನಮ್ಮ ಕಾಲೇಜಿಗೆ ಹೊತ್ತು ತಂದರು. ಮಗಳು ನನ್ನ ವಿದ್ಯಾರ್ಥಿನಿ. ಅದರಲ್ಲಿದ್ದ ಕಾರ್ಯಾಚರಣೆ ವ್ಯವಸ್ಥೆಯನ್ನು ತೆಗೆದು, ಯಾರು ಬೇಕಾದರೂ ತಿದ್ದಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್ ಹಾಕಿಕೊಟ್ಟವಳು ನಾನೇ. ಹಾಕಿದ ಮೇಲೆ ಕೀಬೋರ್ಡ್ ಸತ್ತಿತ್ತು.

"ಟೀಚರೇ, ಮೊದಲು ಸರಿ ಇತ್ತು. ನೀವು ಒಳ್ಳೇದು ಮಾಡಿದ ಮೇಲೆ ಹೀಗಾಯ್ತು," ಎಂದರು, ಯಾವ ಕುಹಕವೂ ಇಲ್ಲದೆ. ಅದೇ ಹೆಚ್ಚು ಚುಚ್ಚಿತು.

ಯಂತ್ರ ಏಳುವಾಗ, ತಯಾರಕರೇ ಅದರೊಳಗೆ ತುಂಬಿಟ್ಟ ಫರ್ಮ್‌ವೇರ್ ಎಂಬ ತಂತ್ರಾಂಶ ಯಂತ್ರದಲ್ಲಿ ಏನೇನುಂಟು ಎಂಬ ಪಟ್ಟಿಯನ್ನು ಕರ್ನಲ್‌ಗೆ, ಅಂದರೆ ವ್ಯವಸ್ಥೆಯ ತಿರುಳಿಗೆ, ಒಪ್ಪಿಸುತ್ತದೆ. ಈ ಪಟ್ಟಿಯಲ್ಲಿ ಕೀಬೋರ್ಡ್ ಇತ್ತು. ಕೀಲಿ ಒತ್ತಿದರೆ ಅದು ಯಾವ ಬಗೆಯ ಸಂಕೇತ ಕಳಿಸುತ್ತದೆ ಎಂಬುದು ಮಾತ್ರ ಇರಲಿಲ್ಲ. ಮೊದಲಿದ್ದ ವ್ಯವಸ್ಥೆಗೆ ತಯಾರಕರು ಅದನ್ನು ಬೇರೆಯಾಗಿ ಕಿವಿಯಲ್ಲಿ ಹೇಳಿರಬೇಕು. ಲಿನಕ್ಸ್ ಕರ್ನಲ್ ತಾನೇ ಏನೋ ಊಹಿಸಿ, ಬಾರದ ಸಂಕೇತಕ್ಕೆ ಕಾಯುತ್ತ ಕೂತಿತ್ತು.

'ಈ ಮಾದರಿಯ ಯಂತ್ರವಾದರೆ ಸಂಕೇತ ಹೀಗೆ ಬರುತ್ತದೆ' ಎಂದು ಕರ್ನಲ್‌ಗೆ ಕೆಲವು ಸಾಲು ಸೇರಿಸಿದೆ. ಮಾದರಿ ಯಾವುದೆಂದು ಫರ್ಮ್‌ವೇರನ್ನೇ ಕೇಳಬೇಕು. ಹೆಸರಿನ ಜಾಗದಲ್ಲಿ 'ತಯಾರಕರು ಇಲ್ಲಿ ತುಂಬಬೇಕು' ಎಂಬ ಇಂಗ್ಲಿಷ್ ಸಾಲಿತ್ತು. ತಯಾರಕರು ತುಂಬಿರಲಿಲ್ಲ. ನಾನು ಆ ಸಾಲನ್ನೇ ಹೆಸರೆಂದು ಬರೆದುಕೊಂಡೆ. ಕೀಬೋರ್ಡ್ ಎದ್ದಿತು! ಲೋಕೋಪಕಾರಿಯ ಠೀವಿಯಲ್ಲಿ, ಲೋಕಕ್ಕೆಲ್ಲ ಹೋಗುವ ಕರ್ನಲನ್ನು ನೋಡಿಕೊಳ್ಳುವವರಿಗೆ ತಿದ್ದುಪಡಿ ಕಳಿಸಿದೆ. ಬೇರೆ ಯಂತ್ರಗಳಿಗೆ ತೊಂದರೆಯಿಲ್ಲ ಎಂದು ತೋರಿಸಲು ಅದೇ ಕರ್ನಲನ್ನು ನಮ್ಮ ಲ್ಯಾಬಿಗೂ ಹಾಕಿದೆ.

ಮರುದಿನ ಬೆಳಗ್ಗೆ ಲ್ಯಾಬಿನ ದುಂಡು ಪಿನ್ನಿನ ಹಳೆಯ ಕೀಬೋರ್ಡುಗಳಲ್ಲಿ ಒಂದೂ ಮಾತಾಡಲಿಲ್ಲ. ಮೂಡುಬಿದಿರೆಯಲ್ಲಿ ಜೋಡಿಸಿ ತಂದ ಆ ಕಂಪ್ಯೂಟರ್‌ಗಳ ಹೆಸರಿನ ಜಾಗದಲ್ಲೂ ಅದೇ ಸಾಲು. ನನ್ನ ಕರ್ನಲ್ ಅವನ್ನೂ ದುಬೈ ಲ್ಯಾಪ್‌ಟಾಪೆಂದೇ ನಂಬಿ, ಅದರ ಬಗೆಯ ಸಂಕೇತಕ್ಕೆ ಕಾಯುತ್ತಿತ್ತು. ಅಷ್ಟರಲ್ಲಿ ಪ್ರಾಂಶುಪಾಲರು ಬಾಗಿಲಿಗೆ ಬಂದರು.

"ಏನು ಮೇಡಂ, ಎಲ್ಲರೂ ಕೈಕಟ್ಟಿ ಕೂತಿದ್ದಾರೆ?"

"ತಿಯರಿ ಹೇಳ್ತಾ ಇದ್ದೇನೆ ಸರ್."

"ಒಳ್ಳೇದು. ಈಗಿನವರಿಗೆ ತಿಯರಿ ಕಡಿಮೆ," ಎಂದು ಮೆಚ್ಚಿ ಹೋದರು.

ಮಧ್ಯಾಹ್ನ ನನ್ನ ತಿದ್ದುಪಡಿಗೆ ಉತ್ತರ ಬಂತು: 'ಈ ಹೆಸರಿನ ಯಂತ್ರಗಳು ಲೋಕದಲ್ಲಿ ಎಷ್ಟಿವೆಯೆಂದು ಯೋಚಿಸಿದ್ದೀರಾ?' ಯೋಚಿಸಿರಲಿಲ್ಲ, ಬೆಳಗ್ಗೆ ನೋಡಿದ್ದೆ.

ನಾಚಿಕೆಯಿಂದ ಲ್ಯಾಬಿನಿಂದಲೂ ಲ್ಯಾಪ್‌ಟಾಪಿನಿಂದಲೂ ಆ ಕರ್ನಲ್ ತೆಗೆದೆ. ಸದ್ಯಕ್ಕೆ ಹೊರಗಿನ ಕೀಬೋರ್ಡ್ ಸಿಕ್ಕಿಸಿಕೋ ಎಂದು ಹುಡುಗಿಗೆ ಹೇಳಿದೆ. ಲ್ಯಾಪ್‌ಟಾಪಿನ ಪಟ್ಟಿಯನ್ನು ಮತ್ತೆ ಜಾಲಾಡಿದಾಗ, ಮದರ್‌ಬೋರ್ಡಿನ ಮಾದರಿ ಸಂಖ್ಯೆಯ ಜಾಗವನ್ನು ಯಾರೋ ಪುಣ್ಯಾತ್ಮ ತುಂಬಿದ್ದು ಕಂಡಿತು. ಅದನ್ನೂ ಸೇರಿಸಿ, ಈ ಸಲ ಮೊದಲು ಲ್ಯಾಬಿನ ಒಂದೇ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ಕಳಿಸಿದೆ. ಕೆಲವು ವಾರಗಳ ಚರ್ಚೆಯ ನಂತರ ಒಪ್ಪಿಕೊಂಡರು.

ಹೊಸ ಕರ್ನಲ್ ಬಂದೊಡನೆ ಪುಂಜಾಲಕಟ್ಟೆಗೆ ಹೋಗಿ ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ. ಹುಡುಗಿ ನಾಲ್ಕಕ್ಷರ ಒತ್ತಿ ನೋಡಿ, ಸಂಕೋಚದಿಂದ ಹೊರಗಿನ ಕೀಬೋರ್ಡನ್ನೇ ಹತ್ತಿರ ಎಳೆದುಕೊಂಡಳು.

"ಇದೇ ಅಭ್ಯಾಸ ಆಯ್ತು ಟೀಚರ್. ಅದರ ಕೀಲಿಗಳು ತುಂಬ ಸಣ್ಣ."

"ಇರಲಿ, ಇದೇ ಲ್ಯಾಪ್‌ಟಾಪ್ ತಗೊಂಡ ಬೇರೆ ಯಾರಿಗಾದರೂ ಈ ತಿದ್ದುಪಡಿ ಉಪಯೋಗ ಆಗ್ತದೆ," ಎಂದೆ.

ಅವಳ ತಂದೆ ಚಾ ಇಡುತ್ತ ಪ್ರಾಮಾಣಿಕವಾಗಿಯೇ ಕೇಳಿದರು: "ಬೇರೆ ಯಾರು ಇಂಥದ್ದು ತಗೊಳ್ತಾರೆ ಮಾರಾಯ್ರೆ?"